ಆಕ್ಸಿಜನ್ ಪ್ಲಾಸ್ಮಾ ಪಿಕ್ ಸಿಮ್ಯುಲೇಷನ್: ಕೆಮಿಸ್ಟ್ರಿ ಸೇರಿಸಿದರೆ ರನ್ ಮುಗಿಯೋದೇ ಇಲ್ಲ, ಏನು ಮಾಡಲಿ?

ಚಿಕ್ಕಮಗಳೂರು_ಎಲೆಕ್ಟ್ರಾನ್:
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷ. ಸಿ++ನಲ್ಲಿ ಒಂದು ಆಯಾಮದ ಪಿಕ್-ಎಂಸಿಸಿ (ಪಾರ್ಟಿಕಲ್-ಇನ್-ಸೆಲ್, ಜೊತೆಗೆ ಮಾಂಟೆ ಕಾರ್ಲೊ ಡಿಕ್ಕಿ) ಕೋಡ್ ಬರೆದಿದ್ದೇನೆ. ಗೊತ್ತಿಲ್ಲದವರಿಗೆ: ಎಲೆಕ್ಟ್ರಾನು, ಅಯಾನುಗಳನ್ನು ಕಣಗಳಾಗಿಯೇ ಓಡಿಸುತ್ತೇವೆ. ಅವುಗಳ ಚಾರ್ಜನ್ನು ಗ್ರಿಡ್ ಮೇಲೆ ಹಂಚಿ ಪಾಯ್ಸನ್ ಸಮೀಕರಣ ಬಿಡಿಸುತ್ತೇವೆ. ಬಂದ ವಿದ್ಯುತ್ ಕ್ಷೇತ್ರ ಮತ್ತೆ ಕಣಗಳನ್ನು ತಳ್ಳುತ್ತದೆ. ಗ್ಯಾಸಿನ ಜೊತೆ ಯಾವ ಕಣ ಡಿಕ್ಕಿ ಹೊಡೆಯುತ್ತೆ ಅನ್ನೋದನ್ನು ಮಾಂಟೆ ಕಾರ್ಲೊ, ಅಂದರೆ ರ್ಯಾಂಡಮ್ ಸಂಖ್ಯೆ ಎತ್ತಿ ನೋಡೋ ವಿಧಾನ, ತೀರ್ಮಾನಿಸುತ್ತೆ.

2013ರಲ್ಲಿ ಬಂದ ಹೀಲಿಯಂ ಬೆಂಚ್‌ಮಾರ್ಕಿನ ನಾಲ್ಕೂ ಕೇಸ್ ಮಾಡಿ ನೋಡಿದೆ, ಸರಿಯಾಗಿ ಬಂದಿವೆ. ಈಗ ಗೈಡ್ ಆಕ್ಸಿಜನ್ ಮಾಡು ಅಂದಿದ್ದಾರೆ, ಕೆಮಿಸ್ಟ್ರಿ ಸಮೇತ. ಇಲ್ಲೇ ತಲೆಬಿಸಿ. ಧನ ಅಯಾನು, ಋಣ ಅಯಾನು, ಒಡೆದ ಆಕ್ಸಿಜನ್ ಪರಮಾಣು, ಮೆಟಾಸ್ಟೇಬಲ್ ಅಣು (ಹೆಚ್ಚುವರಿ ಶಕ್ತಿ ಹಿಡಿದುಕೊಂಡು ಬಹಳ ಹೊತ್ತು ಉಳಿಯೋ ಅಣು), ಓಝೋನ್ ಎಲ್ಲಾ ಬರುತ್ತವೆ. ಒಂದು ಆರ್‌ಎಫ್ ಸೈಕಲ್ (ಎಲೆಕ್ಟ್ರೋಡಿಗೆ ಕೊಡೋ ರೇಡಿಯೋ ಆವರ್ತದ ವೋಲ್ಟೇಜಿನ ಒಂದು ಸುತ್ತು) 74 ನ್ಯಾನೋಸೆಕೆಂಡು. ನನ್ನ ಮಷೀನಿನಲ್ಲಿ ಒಂದು ಸೈಕಲ್‌ಗೆ ಹತ್ತಿರ ಹತ್ತಿರ 4 ಸೆಕೆಂಡು ಹಿಡಿಯುತ್ತೆ. ಒಂದು ಮಿಲಿಸೆಕೆಂಡು ಪ್ಲಾಸ್ಮಾ ಓಡಿಸಬೇಕು ಅಂದರೆ 13,560 ಸೈಕಲ್, ಅಂದರೆ ಸುಮಾರು 15 ಗಂಟೆ. ಮೆಟಾಸ್ಟೇಬಲ್ ಸ್ಥಿರವಾಗೋದಕ್ಕೆ ಹತ್ತಾರು ಮಿಲಿಸೆಕೆಂಡು ಬೇಕಂತೆ. ಒಂದು ರನ್‌ಗೇ ವಾರಗಟ್ಟಲೆ ಹೋಗುತ್ತೆ. ನೀವೆಲ್ಲ ಇದನ್ನು ಹೇಗೆ ಮಾಡುತ್ತೀರಿ?

ಗದಗ_ಗ್ರಿಡ್:
ಒತ್ತಡ ಎಷ್ಟು, ಎಲೆಕ್ಟ್ರೋಡ್ ನಡುವಿನ ಗ್ಯಾಪ್ ಎಷ್ಟು ಹೇಳ್ರಿ ಮೊದಲು. ಅದಿಲ್ಲದೆ ಯಾರೂ ಏನೂ ಹೇಳೋಕಾಗಲ್ಲ.

ಚಿಕ್ಕಮಗಳೂರು_ಎಲೆಕ್ಟ್ರಾನ್:
50 ಮಿಲಿಟಾರ್, 4.5 ಸೆಂಟಿಮೀಟರ್ ಗ್ಯಾಪ್, 13.56 ಮೆಗಾಹರ್ಟ್ಸ್. 500 ಸೆಲ್, ಸೆಲ್‌ಗೆ ಸುಮಾರು 200 ಎಲೆಕ್ಟ್ರಾನ್ ಕಣ, ಸೈಕಲ್‌ಗೆ 2000 ಟೈಮ್‌ಸ್ಟೆಪ್.

ಫ್ಲೂಯಿಡ್_ಪ್ರಿಯ:
ಪಿಕ್ ಬಿಟ್ಟುಬಿಡಿ. ಪ್ಲಾಸ್ಮಾವನ್ನು ದ್ರವದ ಹಾಗೆ ನೋಡೋ ಫ್ಲೂಯಿಡ್ ಮಾಡೆಲ್ ಹಾಕಿ, ಬೋಲ್ಸಿಗ್‌ನಿಂದ (ಕ್ಷೇತ್ರ ಕೊಟ್ಟರೆ ಎಲೆಕ್ಟ್ರಾನಿನ ರೀಆಕ್ಷನ್ ರೇಟ್ ಲೆಕ್ಕ ಹಾಕೋ ಪ್ರೋಗ್ರಾಂ) ರೇಟ್ ತಗೊಳ್ಳಿ, ಎಷ್ಟು ಬೇಕಾದರೂ ರೀಆಕ್ಷನ್ ಸೇರಿಸಿ. ಮಧ್ಯಾಹ್ನ ಊಟ ಮುಗಿಸಿ ಬರೋದ್ರೊಳಗೆ ಉತ್ತರ ಬಂದಿರುತ್ತೆ. ಕೆಮಿಸ್ಟ್ರಿ ಬೇಕು ಅನ್ನೋರು ಕಣಗಳ ಹಿಂದೆ ಹೋಗೋದು ಸಮಯ ಹಾಳು.

ಬೋಹುಮ್_ಕನ್ನಡತಿ:
ಇದನ್ನು ಒಪ್ಪಲ್ಲ. ಅವರ ಸಂಖ್ಯೆಗಳನ್ನೇ ತಗೊಂಡು ಲೆಕ್ಕ ಹಾಕೋಣ.

50 ಮಿಲಿಟಾರ್, ಕೋಣೆಯ ಉಷ್ಣತೆ ಅಂದರೆ ಘನ ಮೀಟರಿಗೆ ಸುಮಾರು 1.6×10²¹ ಅಣುಗಳು. ಡಿಕ್ಕಿಯ ಕ್ರಾಸ್ ಸೆಕ್ಷನ್ (ಡಿಕ್ಕಿ ಎಷ್ಟು ಸುಲಭ ಅಂತ ಹೇಳೋ ಗುರಿಯ ಅಳತೆ) 10⁻¹⁹ ಚದರ ಮೀಟರ್ ಮಟ್ಟದ್ದು ಅಂದುಕೊಳ್ಳಿ. ಎಲೆಕ್ಟ್ರಾನು ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಸರಾಸರಿ 6 ಮಿಲಿಮೀಟರ್ ಹೋಗುತ್ತೆ. ಎಲೆಕ್ಟ್ರೋಡ್ ಹತ್ತಿರ ಎಲೆಕ್ಟ್ರಾನ್ ಕಡಿಮೆ ಇದ್ದು ಕ್ಷೇತ್ರ ಜೋರಾಗಿರೋ ಷೀತ್ ಪದರವೂ ಹೆಚ್ಚುಕಮ್ಮಿ ಅಷ್ಟೇ ದಪ್ಪ. ಷೀತ್ ತಳ್ಳಿದ ಎಲೆಕ್ಟ್ರಾನು ಶಕ್ತಿ ಪಡೆಯೋದು ಒಂದು ಜಾಗದಲ್ಲಿ, ಅದನ್ನು ಖರ್ಚು ಮಾಡೋದು ಇನ್ನೊಂದು ಜಾಗದಲ್ಲಿ. ಇಂಥ ಕಡೆ "ಈ ಬಿಂದುವಿನ ಕ್ಷೇತ್ರ ಇಷ್ಟು, ಹಾಗಾಗಿ ಇಲ್ಲಿನ ರೇಟ್ ಇಷ್ಟು" ಅನ್ನೋ ಊಹೆ ನಿಲ್ಲೋದಿಲ್ಲ.

ರೀಆಕ್ಷನ್ ರೇಟ್ ಎಲ್ಲಾ ಕೂತಿರೋದು ಎಲೆಕ್ಟ್ರಾನಿನ ಶಕ್ತಿ ಹಂಚಿಕೆಯ ಬಾಲದಲ್ಲಿ, ಅಂದರೆ ಜಾಸ್ತಿ ಶಕ್ತಿಯ ಕೆಲವೇ ಎಲೆಕ್ಟ್ರಾನುಗಳಲ್ಲಿ. ಆಕ್ಸಿಜನ್ ಅಣುವನ್ನು ಅಯಾನು ಮಾಡಲು 12.06 ಎಲೆಕ್ಟ್ರಾನ್ ವೋಲ್ಟ್ ಬೇಕು, ಸರಾಸರಿ ಎಲೆಕ್ಟ್ರಾನಿನ ಹತ್ತಿರ ಮೂರೋ ನಾಲ್ಕೋ ಇರುತ್ತೆ. ಬಾಲ ಸ್ವಲ್ಪ ತಪ್ಪಿದರೂ ಅಯಾನು ಹುಟ್ಟುವ ರೇಟ್ ಎಷ್ಟೋ ಪಟ್ಟು ತಪ್ಪುತ್ತದೆ. ಕೆಮಿಸ್ಟ್ರಿ ಬೇಕು ಅನ್ನೋ ಕಾರಣಕ್ಕೇ ಇಲ್ಲಿ ಪಿಕ್ ಬೇಕು.

ಫ್ಲೂಯಿಡ್_ಪ್ರಿಯ:
ಸರಿ, 50 ಮಿಲಿಟಾರ್‌ಗೆ ಒಪ್ಪಿದೆ. ಆದರೆ ವಾತಾವರಣದ ಒತ್ತಡದಲ್ಲಿ ಕೆಲಸ ಮಾಡೋರಿಗೆ ನನ್ನ ಮಾತು ನಿಲ್ಲುತ್ತೆ.

ಬೋಹುಮ್_ಕನ್ನಡತಿ:
ಅಲ್ಲಿ ಖಂಡಿತ. ಅಲ್ಲಿ ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಮೈಕ್ರಾನ್‌ಗಿಂತಲೂ ಕಡಿಮೆ ದೂರ.

ಹಳೇ_ಫೋರ್ಟ್ರಾನ್:
ತಮ್ಮಾ, ಮೂಲ ಪ್ರಶ್ನೆಗೆ ಬರ್ತೀನಿ. ನಿನ್ನ ಸಮಸ್ಯೆ ಕೋಡಿನದಲ್ಲ, ಗಡಿಯಾರದ್ದು. ಒಂದೇ ಡಬ್ಬಿಯೊಳಗೆ ಬೇರೆ ಬೇರೆ ಗಡಿಯಾರಗಳು ಓಡ್ತಾ ಇವೆ. ಎಲೆಕ್ಟ್ರಾನಿಗೆ ಪಿಕೋಸೆಕೆಂಡು, ಆರ್‌ಎಫ್‌ಗೆ ನ್ಯಾನೋಸೆಕೆಂಡು, ಅಯಾನು ಗ್ಯಾಪ್ ದಾಟಲು ಮೈಕ್ರೋಸೆಕೆಂಡು, ಚಾರ್ಜ್ ಇಲ್ಲದ ಅಣು-ಪರಮಾಣುಗಳಿಗೆ ಮಿಲಿಸೆಕೆಂಡು. ಎಲ್ಲವನ್ನೂ ಎಲೆಕ್ಟ್ರಾನಿನ ಗಡಿಯಾರದಲ್ಲಿ ಓಡಿಸಬೇಕು ಅಂತ ಯಾರು ಹೇಳಿದರು?

ಮೆಟಾಸ್ಟೇಬಲ್ ಲೆಕ್ಕ ನೋಡು. 300 ಕೆಲ್ವಿನ್‌ನಲ್ಲಿ ಆಕ್ಸಿಜನ್ ಅಣುವಿನ ಸರಾಸರಿ ವೇಗ ಸೆಕೆಂಡಿಗೆ 445 ಮೀಟರ್. ಗೋಡೆಗೆ ಹೊಡೆದಾಗ ಸಾವಿರಕ್ಕೆ ಐದಾರು ಸಲ ಮಾತ್ರ ಅದು ತನ್ನ ಶಕ್ತಿ ಕಳೆದುಕೊಳ್ಳುತ್ತೆ ಅಂತಿಟ್ಟುಕೋ. 4.5 ಸೆಂಟಿಮೀಟರ್ ಗ್ಯಾಪಿನಲ್ಲಿ ಅದರ ಆಯಸ್ಸು ಮೂವತ್ತು ಮಿಲಿಸೆಕೆಂಡು ದಾಟುತ್ತೆ. 30 ಮಿಲಿಸೆಕೆಂಡು ಅಂದರೆ ನಾಲ್ಕು ಲಕ್ಷಕ್ಕೂ ಮೇಲೆ ಸೈಕಲ್. ನಿನ್ನ 4 ಸೆಕೆಂಡಿನ ಲೆಕ್ಕದಲ್ಲಿ ಹತ್ತೊಂಬತ್ತು ದಿನ. ಅದೂ ಒಂದೇ ಆಯಸ್ಸಿಗೆ. ಸ್ಥಿರವಾಗಲು ಅಂಥ ಮೂರ್ನಾಲ್ಕು ಬೇಕು.

ಹಾಗಾಗಿ ಬೇರೆ ಮಾಡು. ಮೆಟಾಸ್ಟೇಬಲ್, ಪರಮಾಣು ಆಕ್ಸಿಜನ್ ಇವನ್ನು ಕಣ ಮಾಡಬೇಡ. ಒಂದು ಸಾಂದ್ರತೆ ಊಹಿಸಿ ಹಿನ್ನೆಲೆ ಗ್ಯಾಸಾಗಿ ಇಡು. ಪಿಕ್ ಓಡಿಸು, ಚಾರ್ಜ್ ಇರೋ ಕಣಗಳು ಸ್ಥಿರವಾಗಲಿ. ಆಮೇಲೆ ಕೆಲವು ನೂರು ಸೈಕಲ್ ಮೇಲೆ ಸರಾಸರಿ ತೆಗೆದು, ಎಲ್ಲೆಲ್ಲಿ ಎಷ್ಟು ಮೆಟಾಸ್ಟೇಬಲ್ ಹುಟ್ಟುತ್ತಿದೆ, ಎಷ್ಟು ಸಾಯುತ್ತಿದೆ ಅಂತ ಪ್ರೊಫೈಲ್ ಬರೆದುಕೋ. ಅದನ್ನು ಒಂದು ಸಾದಾ ಡಿಫ್ಯೂಷನ್ (ಹರಡುವಿಕೆಯ) ಸಮೀಕರಣಕ್ಕೆ ಕೊಡು. ಅದು ಕ್ಷಣಾರ್ಧದಲ್ಲಿ ಸ್ಥಿರ ಸ್ಥಿತಿಯ ಸಾಂದ್ರತೆ ಕೊಡುತ್ತೆ. ಹೊಸ ಸಾಂದ್ರತೆ ಹಾಕಿ ಪಿಕ್ ಮತ್ತೆ ಓಡಿಸು. ಎರಡೂ ಬದಲಾಗೋದು ನಿಲ್ಲೋವರೆಗೆ ಹೀಗೇ ಸುತ್ತು. ಹೈಬ್ರಿಡ್ ಅನ್ನೋದು ಇದಕ್ಕೇ.

ಇನ್ನೊಂದು. ಅಯಾನುಗಳನ್ನು ಪ್ರತಿ ಸ್ಟೆಪ್ ತಳ್ಳಬೇಡ. ಆಕ್ಸಿಜನ್ ಅಯಾನು ಎಲೆಕ್ಟ್ರಾನಿಗಿಂತ ಸುಮಾರು 58,000 ಪಟ್ಟು ಭಾರ. ಹತ್ತೋ ಇಪ್ಪತ್ತೋ ಸ್ಟೆಪ್‌ಗೆ ಒಂದು ಸಲ ತಳ್ಳಿದರೆ ಸಾಕು.

ಚಿಕ್ಕಮಗಳೂರು_ಎಲೆಕ್ಟ್ರಾನ್:
ತುಂಬಾ ಥ್ಯಾಂಕ್ಸ್ ಸರ್. ಅಯಾನು ಸಬ್‌ಸೈಕ್ಲಿಂಗ್ ಈಗಾಗಲೇ ಇದೆ. ಆದರೆ ಋಣ ಅಯಾನು? ಅದು ಚಾರ್ಜ್ ಇರೋ ಕಣವೇ, ಆದರೂ ತುಂಬಾ ನಿಧಾನವಾಗಿ ಏರುತ್ತಾ ಇದೆ. ನಿಲ್ಲೋ ಲಕ್ಷಣ ಇಲ್ಲ.

ಬೋಹುಮ್_ಕನ್ನಡತಿ:
ಏರಲೇಬೇಕು. ಋಣ ಅಯಾನು ಗೋಡೆಗೆ ಹೋಗೋಕೆ ಆಗೋದಿಲ್ಲ, ಷೀತ್‌ನ ಕ್ಷೇತ್ರ ಅದನ್ನು ಒಳಗೇ ಕೂಡಿಹಾಕುತ್ತೆ. ಹೊರಗೆ ದಾರಿ ಇಲ್ಲ ಅಂದಮೇಲೆ ಒಳಗೇ ಸಾಯಬೇಕು. ಧನ ಅಯಾನಿನ ಜೊತೆ ಕೂಡಿ, ಅಥವಾ ಯಾವುದಕ್ಕಾದರೂ ಡಿಕ್ಕಿ ಹೊಡೆದು ಎಲೆಕ್ಟ್ರಾನ್ ಬಿಟ್ಟುಕೊಟ್ಟು. ನಿಮ್ಮ ರೀಆಕ್ಷನ್ ಪಟ್ಟಿಯಲ್ಲಿ ಮೆಟಾಸ್ಟೇಬಲ್ ಜೊತೆಗಿನ ಡಿಟ್ಯಾಚ್‌ಮೆಂಟ್ ಇದೆಯಾ? ಋಣ ಅಯಾನು ಮತ್ತು ಮೆಟಾಸ್ಟೇಬಲ್ ಸೇರಿ ಓಝೋನ್ ಆಗಿ ಎಲೆಕ್ಟ್ರಾನ್ ಹೊರಗೆ ಬರುತ್ತೆ, ಆ ಕ್ರಿಯೆ.

ಚಿಕ್ಕಮಗಳೂರು_ಎಲೆಕ್ಟ್ರಾನ್:
ಇಲ್ಲ ಅಕ್ಕಾ. ಮೆಟಾಸ್ಟೇಬಲ್ ಇನ್ನೂ ಸೇರಿಸಿಲ್ಲ.

ಬೋಹುಮ್_ಕನ್ನಡತಿ:
ಅಲ್ಲೇ ಇದೆ ನೋಡಿ. ಆ ಒಂದು ಕ್ರಿಯೆ ಇಡೀ ಡಿಸ್ಚಾರ್ಜಿನ (ಎಲೆಕ್ಟ್ರೋಡ್ ನಡುವಿನ ಪ್ಲಾಸ್ಮಾದ) ಸ್ವಭಾವ ಬದಲಾಯಿಸುತ್ತೆ. ಅದಿಲ್ಲದೆ ಋಣ ಅಯಾನು ರಾಶಿ ಬೀಳುತ್ತೆ, ಎಲೆಕ್ಟ್ರಾನ್ ಕಡಿಮೆಯಾಗುತ್ತೆ. ಆಗ ಕರೆಂಟ್ ಹರಿಸಲು ಮಧ್ಯಭಾಗದಲ್ಲೇ ದೊಡ್ಡ ಕ್ಷೇತ್ರ ಬೇಕಾಗುತ್ತೆ, ಎಲೆಕ್ಟ್ರಾನು ಅಲ್ಲೇ ಬಿಸಿಯಾಗುತ್ತೆ. ಮೆಟಾಸ್ಟೇಬಲ್ ಸೇರಿಸಿದರೆ ಋಣ ಅಯಾನು ಇಳಿದು, ಬಿಸಿಯಾಗೋ ಜಾಗ ಷೀತ್ ಅಂಚಿಗೆ ಹೋಗುತ್ತೆ. ಬರ್ಕ್ಲಿಯ ಊಪಿಡಿ1 ಕೋಡಿನಲ್ಲಿ ಆಕ್ಸಿಜನ್ ಮೇಲೆ ಕೆಲಸ ಮಾಡಿದವರು ಇದನ್ನು ಚೆನ್ನಾಗಿ ತೋರಿಸಿದ್ದಾರೆ. ನಿಮ್ಮ 50 ಮಿಲಿಟಾರ್ ಸರಿಯಾಗಿ ಅದು ಕಾಣಿಸೋ ಜಾಗ. 10 ಮಿಲಿಟಾರ್‌ನಲ್ಲಿ ಅಷ್ಟು ಕಾಣಲ್ಲ.

ಬರೀ 0.98 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಒಂದು ಸುಮ್ನೆ ಕೂತಿರೋ ಅಣು, ಗ್ಯಾಸಿನಲ್ಲಿ ಸಣ್ಣ ಪಾಲು, ಅದು ಎಲೆಕ್ಟ್ರಾನು ಎಲ್ಲಿ ಬಿಸಿಯಾಗಬೇಕು ಅನ್ನೋದನ್ನು ನಿರ್ಧರಿಸುತ್ತೆ. ನನಗೆ ಈ ಕ್ಷೇತ್ರ ಇಷ್ಟವಾಗೋದೇ ಇದಕ್ಕೆ.

ಶಾಕ್_ಟನೆಲ್:
ಏರೋಸ್ಪೇಸ್ ಕಡೆಯಿಂದ ಒಂದು ಮಾತು. ನಾವು ಕಣಗಳಲ್ಲೇ ಪೂರ್ತಿ ಕೆಮಿಸ್ಟ್ರಿ ಮಾಡ್ತೀವಿ. ಡಿಎಸ್‌ಎಂಸಿ, ಅಂದರೆ ಡೈರೆಕ್ಟ್ ಸಿಮ್ಯುಲೇಷನ್ ಮಾಂಟೆ ಕಾರ್ಲೊ. ಗ್ರೇಮ್ ಬರ್ಡ್ 1963ರಲ್ಲಿ ಶುರು ಮಾಡಿದ ವಿಧಾನ. ಒಂದೇ ಸೆಲ್‌ನೊಳಗಿನ ಎರಡು ಕಣಗಳನ್ನು ಜೋಡಿ ಮಾಡಿ ಡಿಕ್ಕಿ ಹೊಡೆಸೋದು, ಡಿಕ್ಕಿಯ ಒಟ್ಟು ಶಕ್ತಿ ನೋಡಿ ರೀಆಕ್ಷನ್ ಆಗುತ್ತಾ ಇಲ್ಲವಾ ತೀರ್ಮಾನಿಸೋದು. ಬಾಹ್ಯಾಕಾಶದಿಂದ ವಾಪಸ್ ಬರೋ ಕ್ಯಾಪ್ಸೂಲಿನ ಮುಂದೆ ಗಾಳಿ ಒಡೆಯೋದನ್ನು ಹೀಗೇ ಲೆಕ್ಕ ಹಾಕೋದು. ಆಕ್ಸಿಜನ್ ಅಣು ಒಡೆಯಲು 5.12 ಎಲೆಕ್ಟ್ರಾನ್ ವೋಲ್ಟ್, ನೈಟ್ರೋಜನ್‌ಗೆ 9.76. ಆಮೇಲೆ ನೈಟ್ರೋಜನ್ ಪರಮಾಣು, ಆಕ್ಸಿಜನ್ ಪರಮಾಣು ಸೇರಿ ನೈಟ್ರಿಕ್ ಆಕ್ಸೈಡ್ ಅಯಾನು ಮತ್ತು ಒಂದು ಎಲೆಕ್ಟ್ರಾನ್. ಅದಕ್ಕೆ ಬೇಕಾಗೋದು 2.76 ಮಾತ್ರ, ಹಾಗಾಗಿ ಅದೇ ಮೊದಲು ಆಗುತ್ತೆ. ರೇಡಿಯೋ ಸಂಪರ್ಕ ಕಡಿದುಹೋಗೋದಕ್ಕೆ ಕಾರಣ ಈ ಎಲೆಕ್ಟ್ರಾನುಗಳೇ. ಇಸ್ರೋದ ಎಸ್‌ಆರ್‌ಇ-1 ಜನವರಿ 2007ರಲ್ಲಿ ಬಂಗಾಳ ಕೊಲ್ಲಿಗೆ ಇಳಿದಿದ್ದೂ ಇಂಥ ಗಾಳಿಯ ಮೂಲಕವೇ.

ಹಾಗಾಗಿ ಪಿಕ್ ಬದಲು ಡಿಎಸ್‌ಎಂಸಿ ಯಾಕೆ ಮಾಡಬಾರದು? ಅಮೆರಿಕದ ಸ್ಯಾಂಡಿಯಾ ಲ್ಯಾಬಿನ ಸ್ಪಾರ್ಟಾ ಅನ್ನೋ ಡಿಎಸ್‌ಎಂಸಿ ಕೋಡ್ ಪುಕ್ಕಟೆ ಸಿಗುತ್ತೆ.

ಹಳೇ_ಫೋರ್ಟ್ರಾನ್:
ನಿಮ್ಮಲ್ಲಿ ಎಲೆಕ್ಟ್ರಾನನ್ನು ಹೇಗೆ ಓಡಿಸ್ತೀರಿ?

ಶಾಕ್_ಟನೆಲ್:
ಸಾಮಾನ್ಯವಾಗಿ ಅಯಾನಿಗೆ ಕಟ್ಟಿಹಾಕಿ, ಅಯಾನಿನ ಜೊತೆಗೇ ಸಾಗಿಸ್ತೀವಿ.

ಹಳೇ_ಫೋರ್ಟ್ರಾನ್:
ಅದೇ ಕಾರಣ. ಕ್ಯಾಪ್ಸೂಲಿನ ಮುಂದೆ ಅದು ನಡೆಯುತ್ತೆ. ಆದರೆ ಇವರ ಡಬ್ಬಿಯಲ್ಲಿ ಎಲೆಕ್ಟ್ರಾನು ಒಂದು ಎಲೆಕ್ಟ್ರೋಡಿನಿಂದ ಇನ್ನೊಂದಕ್ಕೆ ಅಯಾನಿನ ಹಂಗಿಲ್ಲದೆ ಓಡಾಡುತ್ತೆ. ಷೀತ್ ಪದರ ಉಂಟಾಗೋದೇ ಎಲೆಕ್ಟ್ರಾನು ಅಯಾನನ್ನು ಹಿಂದೆ ಬಿಟ್ಟು ಹೋಗೋದರಿಂದ. ಕಟ್ಟಿಹಾಕಿದರೆ ಷೀತ್ ಇಲ್ಲ. ಷೀತ್ ಇಲ್ಲದಿದ್ದರೆ ಡಿಸ್ಚಾರ್ಜೂ ಇಲ್ಲ. ಕ್ಷೇತ್ರವನ್ನು ಕಣಗಳಿಂದಲೇ ಲೆಕ್ಕ ಹಾಕಬೇಕು, ಅಂದರೆ ಪಿಕ್ ಬೇಕು. ನ್ಯೂಟ್ರಲ್ ಗ್ಯಾಸಿಗೆ ಡಿಎಸ್‌ಎಂಸಿ, ಚಾರ್ಜ್ ಇರೋದಕ್ಕೆ ಪಿಕ್ ಅಂತ ಎರಡನ್ನೂ ಸೇರಿಸಿದರೆ ಚೆನ್ನ. ಥ್ರಸ್ಟರ್ ಹೊಗೆಜಾಡು ಲೆಕ್ಕ ಹಾಕೋರು ಹಾಗೇ ಮಾಡ್ತಾರೆ.

ಶಾಕ್_ಟನೆಲ್:
ಷೀತ್ ಮಾತು ಸರಿ. ನಮ್ಮಲ್ಲಿ ಇನ್ನೊಂದು ತೊಂದರೆಯೂ ಇದೆ. ಅಯಾನಿನ ಪಾಲು ತೀರಾ ಕಡಿಮೆ ಇದ್ದಾಗ ಇಡೀ ಸೆಲ್‌ನಲ್ಲಿ ಒಂದು ಅಯಾನು ಕಣವೂ ಇರಲ್ಲ. ಅದಕ್ಕೆ ಬೇರೆ ಬೇರೆ ತೂಕದ ಕಣ ಹಾಕಬೇಕು, ಆಮೇಲೆ ಡಿಕ್ಕಿಯಲ್ಲಿ ಶಕ್ತಿ-ಸಂವೇಗ ಕಾಪಾಡೋದು ಕಷ್ಟ.

ರಸಾಯನ_ಮೇಷ್ಟ್ರು:
ನಾನು ಕೆಮಿಸ್ಟ್ರಿ ಕಲಿಸೋನು, ಪ್ಲಾಸ್ಮಾದವನಲ್ಲ. ಓದ್ತಾ ಓದ್ತಾ ಒಂದು ಸಂದೇಹ. 1976-77ರಲ್ಲಿ ಗಿಲೆಸ್ಪಿ ಕೊಟ್ಟ ವಿಧಾನ ಇದೆಯಲ್ಲ, ಮುಂದಿನ ರೀಆಕ್ಷನ್ ಯಾವಾಗ, ಯಾವುದು ಅಂತ ಎರಡು ರ್ಯಾಂಡಮ್ ಸಂಖ್ಯೆಯಿಂದ ತೀರ್ಮಾನಿಸೋದು. ಜೀವಕೋಶದ ಕೆಲಸಕ್ಕೆ ತುಂಬಾ ಬಳಸ್ತಾರೆ. ನೀವು ಮಾಡೋದೂ ಅದೇ ಅಲ್ವಾ?

ಮಂಗ್ಳೂರ್_ಮಾಂಟೆಕಾರ್ಲೊ:
ಹತ್ತಿರದ ನೆಂಟರು, ಮೇಷ್ಟ್ರೇ. ಗಿಲೆಸ್ಪಿಯಲ್ಲಿ ಎಲ್ಲಾ ಚೆನ್ನಾಗಿ ಕಲಸಿದೆ, ಉಷ್ಣತೆ ಒಂದೇ ಅಂತ ಹಿಡಿದು, ರೇಟ್ ಮೊದಲೇ ಗೊತ್ತಿರುತ್ತೆ. ಇಲ್ಲಿ ರೇಟ್ ಮೊದಲೇ ಗೊತ್ತಿಲ್ಲ. ನಮಗೆ ಗೊತ್ತಿರೋದು ಕ್ರಾಸ್ ಸೆಕ್ಷನ್ ಮಾತ್ರ, ಅಂದರೆ ಇಷ್ಟು ಶಕ್ತಿಯ ಎಲೆಕ್ಟ್ರಾನು ಬಂದರೆ ಇಂಥದ್ದು ಆಗುವ ಸಾಧ್ಯತೆ ಎಷ್ಟು ಅನ್ನೋದು. ಎಲೆಕ್ಟ್ರಾನುಗಳ ಶಕ್ತಿ ಹಂಚಿಕೆ ಹೇಗಿದೆ ಅನ್ನೋದು ಸಿಮ್ಯುಲೇಷನ್ ಒಳಗೆ ಹುಟ್ಟುತ್ತೆ, ರೇಟ್ ಅದರಿಂದ ಬರುತ್ತೆ.

ನಾವು ಬಳಸೋದು ನಲ್ ಕೊಲಿಷನ್ ಅಂತ, 1968ರಲ್ಲಿ ಸ್ಕುಲೆರುಡ್ ಕೊಟ್ಟ ಉಪಾಯ. ಪ್ರತಿ ಎಲೆಕ್ಟ್ರಾನಿಗೂ ಪ್ರತಿ ಸ್ಟೆಪ್‌ನಲ್ಲೂ "ನಿನಗೆ ಡಿಕ್ಕಿ ಆಯಿತಾ" ಅಂತ ಲೆಕ್ಕ ಹಾಕಿದರೆ ಕಂಪ್ಯೂಟರ್ ಸೋಲುತ್ತೆ. ಅದರ ಬದಲು ಡಿಕ್ಕಿಯ ಗರಿಷ್ಠ ಆವರ್ತ ಎಷ್ಟು ಅಂತ ಮೊದಲೇ ಕಂಡುಹಿಡಿದುಕೊಳ್ತೀವಿ. ಇವರ ಕೇಸ್‌ನಲ್ಲಿ ಸೆಕೆಂಡಿಗೆ 5×10⁸ ಮಟ್ಟ. ಟೈಮ್‌ಸ್ಟೆಪ್ 37 ಪಿಕೋಸೆಕೆಂಡು. ಗುಣಿಸಿದರೆ ಹತ್ತಿರ ಹತ್ತಿರ 0.02. ಅಂದರೆ ನೂರಕ್ಕೆ ಎರಡು ಎಲೆಕ್ಟ್ರಾನುಗಳನ್ನು ಮಾತ್ರ ಲಾಟರಿಯಲ್ಲಿ ಎತ್ತಿದರೆ ಸಾಕು. ಎತ್ತಿದ ಪ್ರತಿಯೊಂದಕ್ಕೂ ಒಂದು ರ್ಯಾಂಡಮ್ ಸಂಖ್ಯೆ. ಅದು ಹೇಳುತ್ತೆ: ಎಲಾಸ್ಟಿಕ್ (ಬರೀ ಪುಟಿಯೋದು), ಎಕ್ಸೈಟೇಷನ್ (ಅಣುವಿನ ಒಳಗೆ ಶಕ್ತಿ ಏರೋದು), ಅಯಾನೀಕರಣ, ಅಟ್ಯಾಚ್‌ಮೆಂಟ್ (ಎಲೆಕ್ಟ್ರಾನು ಅಂಟಿಕೊಳ್ಳೋದು), ಅಥವಾ ಏನೂ ಆಗಲಿಲ್ಲ. ಆ "ಏನೂ ಆಗಲಿಲ್ಲ" ಅನ್ನೋದೇ ನಲ್.

ಈ 0.02 ಅನ್ನೋದು 0.1 ಹತ್ತಿರ ಹೋಗಬಾರದು. ಹೋದರೆ ಒಂದೇ ಸ್ಟೆಪ್‌ನಲ್ಲಿ ಎರಡು ಡಿಕ್ಕಿ ಆಗಬೇಕಾದದ್ದು ತಪ್ಪಿಹೋಗುತ್ತೆ.

ರಸಾಯನ_ಮೇಷ್ಟ್ರು:
ಚೆನ್ನಾಗಿ ಹೇಳಿದಿರಿ. ಹಾಗಾದರೆ ಅಟ್ಯಾಚ್‌ಮೆಂಟ್ ಆದಾಗ ಹುಟ್ಟೋ ಋಣ ಅಯಾನಿಗೆ ಎಷ್ಟು ವೇಗ ಕೊಡ್ತೀರಿ? ಸುಮ್ನೆ ಗ್ಯಾಸಿನ ಉಷ್ಣತೆ ಕೊಟ್ಟರೆ ತಪ್ಪಾಗುತ್ತೆ ಅಂತ ನನಗನ್ನಿಸುತ್ತೆ. 6.7 ಎಲೆಕ್ಟ್ರಾನ್ ವೋಲ್ಟಿನ ಎಲೆಕ್ಟ್ರಾನು ಬಂತು ಅನ್ನಿ. ಅಣು ಒಡೆಯಲು 5.12 ಖರ್ಚು. ಎಲೆಕ್ಟ್ರಾನು ಪರಮಾಣುವಿಗೆ ಅಂಟಿದಾಗ 1.46 ವಾಪಸ್. ಕೈಯಲ್ಲಿ ಉಳಿದದ್ದು ಸುಮಾರು 3. ಎರಡೂ ತುಂಡಿನ ತೂಕ ಒಂದೇ, ಹಾಗಾಗಿ ಅರ್ಧರ್ಧ. ಋಣ ಅಯಾನು 1.5 ಎಲೆಕ್ಟ್ರಾನ್ ವೋಲ್ಟ್ ಜೊತೆ ಹುಟ್ಟುತ್ತೆ. ಕೋಣೆಯ ಉಷ್ಣತೆಯ ಅಣುವಿನದ್ದು 0.04.

ಚಿಕ್ಕಮಗಳೂರು_ಎಲೆಕ್ಟ್ರಾನ್:
ಮೇಷ್ಟ್ರೇ, ಇದು ದೊಡ್ಡ ಉಪಕಾರ. ಇವತ್ತೇ ಕೋಡಿಗೆ ಸೇರಿಸ್ತೀನಿ.

ಗದಗ_ಗ್ರಿಡ್:
ಇದನ್ನೆಲ್ಲ ಮಾಡೋಕಿಂತ ಮೊದಲು ಗ್ರಿಡ್ ನೋಡ್ರಿ. ಸೆಲ್ ಅಗಲ ಡಿಬೈ ಉದ್ದಕ್ಕಿಂತ (ಪ್ಲಾಸ್ಮಾ ಒಂದು ಚಾರ್ಜಿನ ಪ್ರಭಾವವನ್ನು ಮರೆಮಾಡೋ ದೂರ) ದೊಡ್ಡದಾದರೆ ಎಲೆಕ್ಟ್ರಾನು ತಾನಾಗೇ ಬಿಸಿ ಆಗ್ತಾ ಹೋಗುತ್ತೆ, ಸಿಮ್ಯುಲೇಷನ್ ಕೆಟ್ಟಿತು ಅಂತಲೇ ಲೆಕ್ಕ. 3 ಎಲೆಕ್ಟ್ರಾನ್ ವೋಲ್ಟ್, ಘನ ಮೀಟರಿಗೆ 10¹⁶ ಇದ್ದರೆ ಡಿಬೈ ಉದ್ದ 0.13 ಮಿಲಿಮೀಟರ್. ನಿಮ್ಮ ಸೆಲ್ 0.09. ಸದ್ಯಕ್ಕೆ ಪಾಸು. ಸಾಂದ್ರತೆ ಇನ್ನೂ ನಾಲ್ಕು ಪಟ್ಟಾದರೆ ಡಿಬೈ ಉದ್ದ ಅರ್ಧಕ್ಕೆ ಇಳಿಯುತ್ತೆ, ಆಗ ಕಥೆ ಮುಗೀತು.

ಬೋಹುಮ್_ಕನ್ನಡತಿ:
ಕಥೆ ಮುಗಿಯಲ್ಲ. ಕಣದ ಚಾರ್ಜನ್ನು ಪಕ್ಕದ ಎರಡು ಗ್ರಿಡ್ ಬಿಂದುಗಳಿಗೆ ಹಂಚೋ ಸಾಮಾನ್ಯ ಲೀನಿಯರ್ ಹಂಚಿಕೆಯಲ್ಲಿ ಸೆಲ್ ಅಗಲ ಡಿಬೈ ಉದ್ದದ ಸುಮಾರು ಮೂರು ಪಟ್ಟಿಗೆ ಬಂದ ಮೇಲೇ ಜೋರಾಗಿ ಕೆಡೋದು. ಅದಕ್ಕಿಂತ ಮೊದಲು ನಿಧಾನ ಬಿಸಿ. ಅರ್ಧದಷ್ಟು ಇಟ್ಟುಕೊಳ್ಳೋದು ಒಳ್ಳೆ ಅಭ್ಯಾಸ, ಅದು ಬೇರೆ ಮಾತು. ಈಗ ಶಕ್ತಿ ಕಾಪಾಡೋ ಪಿಕ್ ವಿಧಾನಗಳನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಡಿಬೈ ಉದ್ದಕ್ಕಿಂತ ದೊಡ್ಡ ಸೆಲ್ ಇಟ್ಟರೂ ಎಷ್ಟು ಸರಿ ಬರುತ್ತೆ ಅಂತ ಇಂಥದ್ದೇ ಆರ್‌ಎಫ್ ಡಿಸ್ಚಾರ್ಜ್ ಮೇಲೆ ಪರೀಕ್ಷೆ ಮಾಡಿದ್ದಾರೆ.

ಗದಗ_ಗ್ರಿಡ್:
ಹೌದ್ರಿ, ಮೂರು ಪಟ್ಟಿನ ಲೆಕ್ಕ ಸರಿ. ಆದರೂ ಹೊಸಬರಿಗೆ ನಾನು ಬಿಗಿ ನಿಯಮವನ್ನೇ ಹೇಳೋದು.

ಮಂಗ್ಳೂರ್_ಮಾಂಟೆಕಾರ್ಲೊ:
ಗ್ರಿಡ್ ಬಗ್ಗೆ ಎಲ್ಲರೂ ಮಾತಾಡ್ತಾರೆ, ಕಣಗಳ ಸಂಖ್ಯೆ ಬಗ್ಗೆ ಯಾರೂ ಮಾತಾಡಲ್ಲ. ನನಗೆ ಇದೇ ಬೇಜಾರು.

ಸಿಮ್ಯುಲೇಷನ್‌ನ ಒಂದು ಕಣ ಅಂದರೆ ನಿಜವಾದ ಲಕ್ಷಾಂತರ, ಕೋಟ್ಯಂತರ ಎಲೆಕ್ಟ್ರಾನುಗಳ ಪ್ರತಿನಿಧಿ. ಕಣ ಕಡಿಮೆ ಇದ್ದಷ್ಟೂ ಗದ್ದಲ ಜಾಸ್ತಿ. ಬರೀ ಗದ್ದಲ ಆಗಿದ್ದರೆ ಸರಾಸರಿ ತೆಗೆದು ಸರಿಮಾಡಬಹುದಿತ್ತು. ಆದರೆ ಆ ಗದ್ದಲ ಎಲೆಕ್ಟ್ರಾನುಗಳ ಶಕ್ತಿಯನ್ನು ಅತ್ತಿತ್ತ ಹಂಚಿ, ಹಂಚಿಕೆಯನ್ನೇ ಮ್ಯಾಕ್ಸ್‌ವೆಲ್ ಆಕಾರಕ್ಕೆ (ಉಷ್ಣ ಸಮತೋಲನದ ಹಂಚಿಕೆಗೆ) ಎಳೆಯುತ್ತೆ. ಡಿಕ್ಕಿ ಇಲ್ಲದ ಒಂದು ಆಯಾಮದ ಪಿಕ್‌ನಲ್ಲಿ ಇದು ತುಂಬಾ ನಿಧಾನ, ಹಾಗಾಗಿ ಹಳಬರು ಕೆಲವೇ ಕಣ ಸಾಕು ಅಂತಿದ್ದರು. 2006ರಲ್ಲಿ ಟರ್ನರ್ ತೋರಿಸಿದ್ದು ಏನಂದರೆ, ಮಾಂಟೆ ಕಾರ್ಲೊ ಡಿಕ್ಕಿ ಸೇರಿಸಿದ ತಕ್ಷಣ ಈ ಎಳೆತ ಬಹಳ ಬೇಗ ಆಗುತ್ತೆ. ಅಂದರೆ ನಿಜವಾದ ಭೌತಶಾಸ್ತ್ರದಲ್ಲಿ ಇಲ್ಲದ ಬದಲಾವಣೆ ನಿಮ್ಮ ಶಕ್ತಿ ಹಂಚಿಕೆಯಲ್ಲಿ ಬಂದು ಕೂರುತ್ತೆ. ಕೆಮಿಸ್ಟ್ರಿಯ ರೇಟ್ ಎಲ್ಲಾ ಅದರಿಂದಲೇ ಬರೋದಲ್ವಾ? ಬೋಹುಮ್ ಅಕ್ಕ ಮೇಲೆ ಬಾಲದ ಮಾತು ಹೇಳಿದರಲ್ಲ, ಆ ಬಾಲವೇ ಹಾಳು.

ಬೆಂಚ್‌ಮಾರ್ಕಿನಲ್ಲಿ ಅಯಾನು ಸಾಂದ್ರತೆ ಸರಿಬಂತು ಅಂತ ಒಂದು ಅಗುಳು ಹಿಚುಕಿ ಅನ್ನ ಬೆಂದಿದೆ ಅನ್ನಬೇಡಿ. ಆಕ್ಸಿಜನ್ ಕೇಸನ್ನೇ ಸೆಲ್‌ಗೆ 200 ಕಣ, 400, 800 ಹೀಗೆ ಓಡಿಸಿ. ಶಕ್ತಿ ಹಂಚಿಕೆಯ ಗ್ರಾಫ್ ಒಂದರ ಮೇಲೊಂದು ಇಡಿ. 12 ಎಲೆಕ್ಟ್ರಾನ್ ವೋಲ್ಟಿನಾಚೆ ಗೆರೆಗಳು ಕೂಡುತ್ತಾ ನೋಡಿ.

ಹಳೇ_ಫೋರ್ಟ್ರಾನ್:
ನೂರಕ್ಕೆ ನೂರು ಸರಿ. ಪೇಪರ್‌ಗಳಲ್ಲಿ ಸೆಲ್ ಎಷ್ಟು ಅಂತ ಬರೀತಾರೆ, ಕಣ ಎಷ್ಟು ಅಂತ ಬರೆಯೋದೇ ಇಲ್ಲ. ರೆಫರಿ ಆಗಿ ಬಂದಾಗಲೆಲ್ಲ ನಾನು ಮೊದಲು ಕೇಳೋ ಪ್ರಶ್ನೆ ಅದು.

ಕೋಲಾರ_ಕ್ಯುಡಾ:
800 ಕಣ ಅಂದರೆ ಲ್ಯಾಪ್‌ಟಾಪ್‌ನಲ್ಲಿ ಆಗಲ್ಲ, ಜಿಪಿಯು ತಗೊಳ್ಳಿ. ಒಂದು ಕಣಕ್ಕೆ ಒಂದು ಸ್ಥಾನ, ಮೂರು ವೇಗ, ಡಬಲ್ ಪ್ರಿಸಿಷನ್‌ನಲ್ಲಿ 32 ಬೈಟ್. ಹತ್ತು ಲಕ್ಷ ಕಣಕ್ಕೂ 32 ಎಂಬಿ ಅಷ್ಟೇ. ಮೆಮೊರಿ ಸಮಸ್ಯೆಯೇ ಅಲ್ಲ. ಕಷ್ಟ ಇರೋದು ಚಾರ್ಜ್ ಹಂಚುವಾಗ. ಒಂದೇ ಗ್ರಿಡ್ ಬಿಂದುವಿಗೆ ಸಾವಿರ ಥ್ರೆಡ್ ಒಟ್ಟಿಗೆ ಬರೆಯೋಕೆ ಹೋಗ್ತವೆ. ಕಣಗಳನ್ನು ಆಗಾಗ ಸೆಲ್ ಪ್ರಕಾರ ಜೋಡಿಸಿ ಇಟ್ಟುಕೊಂಡರೆ ಸರಾಗ.

ಗದಗ_ಗ್ರಿಡ್:
ನಮ್ಮ ಹುಡುಗರಿಗೆ ಜಿಪಿಯು ಎಲ್ಲಿಂದ ಬರಬೇಕು? ಕಾರ್ಡ್ ಬೆಲೆ ನೋಡಿದೀರಾ?

ಕೋಲಾರ_ಕ್ಯುಡಾ:
ನ್ಯಾಷನಲ್ ಸೂಪರ್‌ಕಂಪ್ಯೂಟಿಂಗ್ ಮಿಷನ್ ಕೆಳಗೆ ಐಐಎಸ್‌ಸಿಯಲ್ಲಿ 2022ರಲ್ಲಿ ಪರಮ್ ಪ್ರವೇಗ ಬಂತು, 3.3 ಪೆಟಾಫ್ಲಾಪ್. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ಅಂತ್ಯ ಅಂತ ಒಂದು ಕ್ಲಸ್ಟರ್ ಇದೆ. ಗೈಡ್ ಮೂಲಕ ಕೇಳಿ ನೋಡಲಿ. ಕೇಳದೆ ಸಿಗಲ್ಲ ಅನ್ನೋದು ಸರಿಯಲ್ಲ.

ಫ್ಲೂಯಿಡ್_ಪ್ರಿಯ:
ಇಷ್ಟೆಲ್ಲಾ ಬರೆಯೋ ಬದಲು ರೆಡಿ ಕೋಡ್ ಬಳಸಬಾರದಾ? ವಾರ್ಪ್‌ಎಕ್ಸ್ ಇದೆ, 2022ರಲ್ಲಿ ಗಾರ್ಡನ್ ಬೆಲ್ ಪ್ರಶಸ್ತಿ ಬಂದಿದೆ, ಮಾಂಟೆ ಕಾರ್ಲೊ ಡಿಕ್ಕಿಯೂ ಅದರಲ್ಲಿದೆ. ಪ್ರಿನ್ಸ್‌ಟನ್‌ನವರ ಎಡಿಪಿಕ್ ಇದೆ.

ಹಳೇ_ಫೋರ್ಟ್ರಾನ್:
ಬಳಸಲಿ, ಆದರೆ ಆಮೇಲೆ. ಒಂದು ಆಯಾಮದ ಪಿಕ್ ಸ್ವಂತ ಬರೆದವನಿಗೆ ಮಾತ್ರ ಆ ದೊಡ್ಡ ಕೋಡ್ ಏನು ಮಾಡ್ತಿದೆ ಅಂತ ಗೊತ್ತಾಗೋದು. 1959ರಲ್ಲಿ ಬುನೆಮನ್, 1962ರಲ್ಲಿ ಡಾಸನ್ ಶುರು ಮಾಡಿದಾಗ ಗ್ರಿಡ್ ಕೂಡ ಇರಲಿಲ್ಲ, ಚಾರ್ಜ್ ಹಾಳೆಗಳನ್ನು ಹಾಗೇ ಓಡಿಸುತ್ತಿದ್ದರು. ಆ ಹಂತದಿಂದ ಕಟ್ಟಿಕೊಂಡು ಬಂದರೆ ಪ್ರತಿಯೊಂದು ಊಹೆ ಎಲ್ಲಿ ಸೇರಿತು ಅಂತ ಕಾಣುತ್ತೆ. ಹೊಸಬರಿಗೆ 2021ರ ಎಜುಪಿಕ್ ತೋರಿಸ್ತೀನಿ. ಆರ್ಗಾನ್‌ಗೆ ಬರೆದದ್ದು, ಕಲಿಯೋದಕ್ಕೇ ಬರೆದದ್ದು, ಚಿಕ್ಕದಾಗಿದೆ.

ಕಾವೇರಿ_ಕಡೆಯವಳು:
ಮಧ್ಯೆ ಬಾಯಿ ಹಾಕ್ತಿದೀನಿ. ನಾನು ಎಂಎಸ್ಸಿ ಓದ್ತಿದೀನಿ. ಇದರಿಂದ ಕೆಲಸ ಸಿಗುತ್ತಾ? ಮನೆಯಲ್ಲಿ ಐಟಿಗೆ ಹೋಗು ಅಂತಿದಾರೆ.

ಮಂಗ್ಳೂರ್_ಮಾಂಟೆಕಾರ್ಲೊ:
ಸಿಗುತ್ತೆ. ಚಿಪ್ ಮಾಡುವಾಗ ಸಿಲಿಕಾನ್ ಕೆತ್ತೋದು ಪ್ಲಾಸ್ಮಾದಿಂದ. ಮೇಲಿನ ಫೋಟೋರೆಸಿಸ್ಟ್ ಪದರ ತೆಗೆಯೋದು ಇದೇ ಆಕ್ಸಿಜನ್ ಪ್ಲಾಸ್ಮಾದಿಂದ. ಆ ಯಂತ್ರ ಮಾಡೋ ಲ್ಯಾಮ್ ರಿಸರ್ಚ್, ಅಪ್ಲೈಡ್ ಮೆಟೀರಿಯಲ್ಸ್ ಎರಡಕ್ಕೂ ಬೆಂಗಳೂರಿನಲ್ಲಿ ಕಚೇರಿ ಇದೆ. ಬಾಹ್ಯಾಕಾಶದ ಕಡೆ ಹಾಲ್ ಥ್ರಸ್ಟರ್, ಅಂದರೆ ಅಯಾನುಗಳನ್ನು ಹಿಂದಕ್ಕೆ ಚಿಮ್ಮಿಸಿ ಉಪಗ್ರಹ ತಳ್ಳೋ ಎಂಜಿನ್. 2017ರ ಮೇನಲ್ಲಿ ಹೋದ ಇಸ್ರೋದ ಜಿಸ್ಯಾಟ್-9 ಉಪಗ್ರಹದಲ್ಲಿ ಝೆನಾನ್ ಬಳಸೋ ಎಲೆಕ್ಟ್ರಿಕ್ ಪ್ರೊಪಲ್ಷನ್ ಇತ್ತು.

ಶಾಕ್_ಟನೆಲ್:
ಹಾಲ್ ಥ್ರಸ್ಟರ್ ಒಳಗೆ ಎಲೆಕ್ಟ್ರಾನು ಅಯಸ್ಕಾಂತ ಕ್ಷೇತ್ರವನ್ನು ದಾಟಿ ಲೆಕ್ಕಕ್ಕಿಂತ ಜಾಸ್ತಿ ಯಾಕೆ ಸೋರುತ್ತೆ ಅನ್ನೋದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. 2019ರಲ್ಲಿ ಏಳು ಬೇರೆ ಬೇರೆ ಪಿಕ್ ಕೋಡ್‌ಗಳನ್ನು ಒಂದೇ ಎರಡು ಆಯಾಮದ ಕೇಸ್ ಮೇಲೆ ಓಡಿಸಿದರು, 5 ಶೇಕಡಾ ಒಳಗೆ ಹೊಂದಿಕೊಂಡವು. ಅದರಲ್ಲೂ ಅಯಾನೀಕರಣ ಸಿಮ್ಯುಲೇಷನ್ ಒಳಗಿಂದ ಬರಲಿಲ್ಲ, ಹೊರಗಿಂದ ಕೊಟ್ಟಿದ್ದರು. ಕೆಮಿಸ್ಟ್ರಿ ಎಷ್ಟು ಕಷ್ಟ ಅನ್ನೋದು ಅದರಲ್ಲೇ ಗೊತ್ತಾಗುತ್ತೆ.

ಕಾವೇರಿ_ಕಡೆಯವಳು:
ಥ್ಯಾಂಕ್ಸ್ ಅಣ್ಣಾ. ಎಜುಪಿಕ್ ಇಳಿಸಿಕೊಂಡೆ.

ಚಿಕ್ಕಮಗಳೂರು_ಎಲೆಕ್ಟ್ರಾನ್:
ಅಪ್‌ಡೇಟ್. ಮೆಟಾಸ್ಟೇಬಲ್‌ಗೆ ಒಂದು ಸ್ಥಿರ ಪಾಲು ಕೊಟ್ಟು, ಡಿಟ್ಯಾಚ್‌ಮೆಂಟ್ ಸೇರಿಸಿ ಓಡಿಸಿದೆ. ಅಕ್ಕ ಹೇಳಿದ ಹಾಗೇ ಆಯಿತು. ಋಣ ಅಯಾನು ಏರೋದು ನಿಂತಿತು, ಬೇಗ ಸ್ಥಿರವಾಯಿತು. ಮಧ್ಯದ ಕ್ಷೇತ್ರ ಬಿದ್ದುಹೋಯಿತು, ಬಿಸಿಯಾಗೋ ಜಾಗ ಎರಡೂ ಷೀತ್‌ಗಳ ಅಂಚಿಗೆ ಬಂತು. ಗ್ರಾಫ್ ನೋಡಿದಾಗ ಮೈ ಜುಂ ಅಂತು. ಕಣ 400 ಮಾಡಿದಾಗ ಬಾಲ ಸ್ವಲ್ಪ ಅಲುಗಾಡಿತು, 800ಕ್ಕೆ ಕ್ಲಸ್ಟರ್ ಸಮಯ ಕೇಳಿದ್ದೇನೆ. ಈಗ ಡಿಫ್ಯೂಷನ್ ಭಾಗ ಜೋಡಿಸಬೇಕು. ಗೋಡೆಯ ಮೇಲೆ ಮೆಟಾಸ್ಟೇಬಲ್ ಸಾಯೋ ಸಾಧ್ಯತೆ ಎಷ್ಟು ಇಡಲಿ? ಒಬ್ಬೊಬ್ಬರದು ಒಂದೊಂದು ಸಂಖ್ಯೆ.

ಬೋಹುಮ್_ಕನ್ನಡತಿ:
ಸ್ಟೀಲ್, ಅಲ್ಯುಮಿನಿಯಂ, ಗಾಜು, ಎಲ್ಲಕ್ಕೂ ಬೇರೆ ಬೇರೆ. ಅದೇ ಗೋಡೆ ಕೊಳಕಾದರೂ ಬದಲಾಗುತ್ತೆ. ಒಂದೇ ಸಂಖ್ಯೆ ನಂಬಬೇಡಿ. ನಿಮ್ಮ ಲ್ಯಾಬ್‌ನಲ್ಲಿ ಆ ಚೇಂಬರ್ ಇದ್ದರೆ, ಬೆಳಕು ಎಲ್ಲಿಂದ ಯಾವ ಕ್ಷಣದಲ್ಲಿ ಬರುತ್ತೆ ಅಂತ ಅಳೆಯಿರಿ. ಸಿಮ್ಯುಲೇಷನ್‌ನ ಎಕ್ಸೈಟೇಷನ್ ಚಿತ್ರದ ಪಕ್ಕ ಇಡಿ. ಗೋಡೆಯ ಸಂಖ್ಯೆ ಬದಲಿಸುತ್ತಾ ಹೋಗಿ, ಎರಡೂ ಚಿತ್ರ ಯಾವಾಗ ಹೊಂದುತ್ತವೋ ಅದು ನಿಮ್ಮ ಗೋಡೆಯ ಸಂಖ್ಯೆ.

ರಸಾಯನ_ಮೇಷ್ಟ್ರು:
ಪರಮಾಣು ಆಕ್ಸಿಜನ್ ಕೂಡ ಗೋಡೆಯ ಮೇಲೆ ಜೋಡಿಯಾಗಿ ಅಣು ಆಗುತ್ತೆ, ಅದನ್ನು ಮರೀಬೇಡಿ. ಅದೂ ಲೋಹ, ಗಾಜು ನೋಡಿ ಬದಲಾಗುತ್ತೆ.

ಮಂಗ್ಳೂರ್_ಮಾಂಟೆಕಾರ್ಲೊ:
ಕ್ರಾಸ್ ಸೆಕ್ಷನ್ ಎಲ್ಲಿಂದ ತಗೊಂಡ್ರಿ?

ಚಿಕ್ಕಮಗಳೂರು_ಎಲೆಕ್ಟ್ರಾನ್:
ಎಲ್‌ಎಕ್ಸ್‌ಕ್ಯಾಟ್ ಅನ್ನೋ ಆನ್‌ಲೈನ್ ಸಂಗ್ರಹದಿಂದ. ಎಲಾಸ್ಟಿಕ್ ಒಬ್ಬರದು, ಅಯಾನೀಕರಣ ಇನ್ನೊಬ್ಬರದು, ಅಟ್ಯಾಚ್‌ಮೆಂಟ್ ಮತ್ತೊಬ್ಬರದು. ಪ್ರತಿಯೊಂದಕ್ಕೂ ಹೊಸ ಅಳತೆ ಸಿಕ್ಕಲ್ಲಿ ಅದನ್ನೇ ಆರಿಸಿದೆ.

ಮಂಗ್ಳೂರ್_ಮಾಂಟೆಕಾರ್ಲೊ:
ಹಾಗೆ ಬೆರೆಸಬೇಡಿ ಮಾರಾಯ್ರೆ. ಒಬ್ಬರ ಸೆಟ್ ಅಂದರೆ ಅದನ್ನು ಒಟ್ಟಿಗೆ ಹಾಕಿದಾಗ ಅಳೆದ ಡ್ರಿಫ್ಟ್ ವೇಗ (ಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಸಾಗೋ ಸರಾಸರಿ ವೇಗ), ಡಿಫ್ಯೂಷನ್ ಎಲ್ಲಾ ಸರಿ ಬರೋ ಹಾಗೆ ತಿದ್ದಿರ್ತಾರೆ. ಒಂದರಲ್ಲಿ ಸ್ವಲ್ಪ ಜಾಸ್ತಿ ಇದ್ದದ್ದನ್ನು ಇನ್ನೊಂದರಲ್ಲಿ ಸ್ವಲ್ಪ ಕಡಿಮೆ ಮಾಡಿ ತೂಗಿಸಿರ್ತಾರೆ. ಮೂರು ಸೆಟ್‌ನಿಂದ ಆರಿಸಿದರೆ ಆ ಹೊಂದಾಣಿಕೆ ಹೋಯಿತು. ಇನ್ನೊಂದು ನೋಡಿ: ಮೊಮೆಂಟಮ್ ಟ್ರಾನ್ಸ್‌ಫರ್ ಕ್ರಾಸ್ ಸೆಕ್ಷನ್ (ಚದುರುವ ಕೋನದ ಪರಿಣಾಮ ಆಗಲೇ ಸೇರಿರೋದು) ಬಳಸಿದರೆ ಡಿಕ್ಕಿಯಾದ ಮೇಲೆ ಎಲೆಕ್ಟ್ರಾನನ್ನು ಎಲ್ಲಾ ದಿಕ್ಕಿಗೂ ಸಮನಾಗಿ ಚದುರಿಸಬೇಕು. ಮುಂದಕ್ಕೇ ಜಾಸ್ತಿ ಚದುರಿಸೋ ಸೂತ್ರ ಹಾಕಿದರೆ ಒಂದೇ ಪರಿಣಾಮವನ್ನು ಎರಡು ಸಲ ಲೆಕ್ಕಕ್ಕೆ ಹಿಡಿದ ಹಾಗೆ.

ಚಿಕ್ಕಮಗಳೂರು_ಎಲೆಕ್ಟ್ರಾನ್:
ಸರಿ, ಒಂದೇ ಸೆಟ್ ತಗೊಂಡು ಮೊದಲಿನಿಂದ ಓಡಿಸ್ತೀನಿ. ಎಲ್ಲಕ್ಕಿಂತ ಮೊದಲು ಯಾವ ಪರೀಕ್ಷೆ ಮಾಡಲಿ?

ಹಳೇ_ಫೋರ್ಟ್ರಾನ್:
ಪಾಯ್ಸನ್ ಭಾಗ ಆಫ್ ಮಾಡು. ಸ್ಥಿರ ಕ್ಷೇತ್ರ ಕೊಟ್ಟು, ಎಲೆಕ್ಟ್ರಾನುಗಳನ್ನು ಆಕ್ಸಿಜನ್ ಒಳಗೆ ಬಿಡು. ಡ್ರಿಫ್ಟ್ ವೇಗ, ಸರಾಸರಿ ಶಕ್ತಿ, ಅಟ್ಯಾಚ್‌ಮೆಂಟ್ ರೇಟ್ ಮೂರನ್ನೂ ಬೋಲ್ಸಿಗ್ ಜೊತೆ ಹೋಲಿಸು. ಅದು ಹೊಂದಿದ ಮೇಲೆ ಪಾಯ್ಸನ್ ಆನ್ ಮಾಡಿ ಮೆಟಾಸ್ಟೇಬಲ್ ಪಾಲು ಬದಲಾಯಿಸುತ್ತಾ ಐದಾರು ರನ್ ಹಾಕು, ಗ್ರಾಫ್ ಇಲ್ಲೇ ತಂದು ಹಾಕು. ನಾನು ನೋಡ್ತೀನಿ.